ಸೇನಾ ಕುಟುಂಬಗಳ ಹಳೆಯ ಮನೆಗಳು: ಅಮೆರಿಕದ ಸಂರಕ್ಷಣಾ ನಿಯಮಗಳು ನೆಲದ ಮೇಲೆ ನಡೆಯುವ ಬಗೆ

ಇವತ್ತು ಮಾತಾಡಲಿರುವುದು ಜನ ವಾಸವಿರುವ ಮನೆಗಳ ಬಗ್ಗೆ. ವಾಷಿಂಗ್ಟನ್‌ನಲ್ಲಿ ಮರೀನ್ ಪಡೆಯ ಕಮಾಂಡಂಟರ ನಿವಾಸ 1806ರದು. ಕಾನ್ಸಾಸ್‌ನ ಫೋರ್ಟ್ ಲೆವೆನ್‌ವರ್ತ್‌ನಲ್ಲಿರುವ 'ರೂಕರಿ' 1830ರ ದಶಕದ್ದು. ಟೆಕ್ಸಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನ ಪರ್ಶಿಂಗ್ ಹೌಸ್ ಕಟ್ಟಿದ್ದು 1881ರಲ್ಲಿ. ಇವು ಹೆಸರಾದ ಕಟ್ಟಡಗಳು, ಇವುಗಳಿಗೆ ಹೇಗೋ ಗಮನ ಸಿಗುತ್ತದೆ. ನಮ್ಮ ವಿಷಯ ಇವುಗಳ ಹಿಂದೆ ಸಾಲುಸಾಲಾಗಿ ನಿಂತಿರುವ, ಹೆಸರಿಲ್ಲದ, ಬರೀ ನಂಬರ್ ಇರುವ ಮನೆಗಳದ್ದು. ಅವುಗಳಲ್ಲಿ ಇವತ್ತೂ ಮಕ್ಕಳು ಶಾಲೆಗೆ ಹೊರಡುತ್ತಾರೆ, ಅಡುಗೆಯಾಗುತ್ತದೆ, ನಲ್ಲಿ ಸೋರುತ್ತದೆ.

ಸೇನೆಯವರ ಮನೆಗೂ ಬೇರೆ ಹಳೆಯ ಮನೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಕುಟುಂಬಗಳು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. ಒಬ್ಬರು ಹೋಗಿ ಇನ್ನೊಬ್ಬರು ಬರುವ ಮಧ್ಯೆ ಸಿಗುವ ಕೆಲವೇ ದಿನಗಳಲ್ಲಿ ಬಣ್ಣ ಹೊಡೆಯಬೇಕು, ಬಾಗಿಲು ಸರಿಮಾಡಬೇಕು, ಒಡೆದ ಗಾಜು ಹಾಕಬೇಕು. ತೊಂಬತ್ತು ವರ್ಷದ ಮನೆ ಅಂದರೆ ಇಂಥ ಅವಸರದ ರಿಪೇರಿಯನ್ನು ಮೂವತ್ತು ನಲವತ್ತು ಸಲ ಕಂಡಿರುತ್ತದೆ. ಹಳೆಯ ಮನೆಯನ್ನು ಬುಲ್ಡೋಜರ್ ಒಂದೇ ದಿನದಲ್ಲಿ ಕೆಡವಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಈ ಮಧ್ಯಂತರದ ರಿಪೇರಿಯಲ್ಲಿ ಒಂದು ಹಿಡಿಕೆ, ಒಂದು ಕಿಟಕಿ, ಒಂದು ವರಾಂಡದ ಕಂಬ ಅಂತ ಕಳೆದುಹೋದದ್ದಕ್ಕೆ ಲೆಕ್ಕವೇ ಇರುವುದಿಲ್ಲ. ನಿಯಮಗಳ ನಿಜವಾದ ಪರೀಕ್ಷೆ ನಡೆಯುವುದು ಈ ಖಾಲಿ ದಿನಗಳಲ್ಲಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಮೊದಲು ಕಾಯ್ದೆ. 1963ರಲ್ಲಿ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ಶುರುಮಾಡಿದರು. ಹೆದ್ದಾರಿಗಳಿಗಾಗಿ, ನಗರ ನವೀಕರಣದ ಹೆಸರಿನಲ್ಲಿ ಹಳೆಯ ಬೀದಿಗಳೂ ಮಾಯವಾಗುತ್ತಿದ್ದ ಕಾಲ ಅದು. 1966ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಹಿಸ್ಟಾರಿಕ್ ಪ್ರಿಸರ್ವೇಶನ್ ಆಕ್ಟ್, ಅಂದರೆ ಪಾರಂಪರಿಕ ಆಸ್ತಿಗಳ ಸಂರಕ್ಷಣಾ ಕಾಯ್ದೆ ಬಂತು. ಅದರ 106ನೇ ಸೆಕ್ಷನ್ ನಮಗೆ ಮುಖ್ಯ. ಅದು ಹೇಳುವುದು ಇಷ್ಟೇ: ಕೇಂದ್ರ ಸರ್ಕಾರದ ಯಾವುದೇ ಇಲಾಖೆ ಒಂದು ಕೆಲಸಕ್ಕೆ ಹಣ ಕೊಡುವ ಅಥವಾ ಅನುಮತಿ ಕೊಡುವ ಮೊದಲು, ಆ ಕೆಲಸದಿಂದ ಪಾರಂಪರಿಕ ಆಸ್ತಿಗೆ ಏನಾಗುತ್ತದೆ ಎಂದು ಯೋಚಿಸಬೇಕು, ಅಡ್ವೈಸರಿ ಕೌನ್ಸಿಲ್ ಆನ್ ಹಿಸ್ಟಾರಿಕ್ ಪ್ರಿಸರ್ವೇಶನ್ ಎಂಬ ಕೇಂದ್ರದ ಸಲಹಾ ಮಂಡಳಿಗೆ ಅಭಿಪ್ರಾಯ ಹೇಳಲು ಅವಕಾಶ ಕೊಡಬೇಕು. ಕೆಡವಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ. ಸಮಾಲೋಚನೆಯನ್ನು ಸರಿಯಾಗಿ ಮುಗಿಸಿದ ಸೇನೆ, ಕೊನೆಗೆ ಕೆಡವಲೂಬಹುದು. ಇದನ್ನು ಕೇಳಿದಾಗ ಕೆಲವರಿಗೆ ನಿರಾಸೆಯಾಗುತ್ತದೆ. ಆದರೆ ವಿಧಾನ ಕಡ್ಡಾಯ, ಫಲಿತಾಂಶ ಮುಕ್ತ ಅನ್ನುವ ಈ ಏರ್ಪಾಟಿನಿಂದಲೇ ಸೇನೆಯಂಥ ಸಂಸ್ಥೆಯೂ ಈ ಕಾಯ್ದೆಯೊಳಗೆ ಐವತ್ತಕ್ಕೂ ಹೆಚ್ಚು ವರ್ಷ ಬಾಳುವೆ ಮಾಡಲು ಸಾಧ್ಯವಾಗಿದೆ. 110ನೇ ಸೆಕ್ಷನ್ ಇದಕ್ಕೆ ಜೋಡಿ. ಇಲಾಖೆ ತನ್ನ ಕೈಯಲ್ಲಿರುವ ಪಾರಂಪರಿಕ ಕಟ್ಟಡಗಳನ್ನು ತಾನೇ ಗುರುತಿಸಿ ನೋಡಿಕೊಳ್ಳಬೇಕು ಎನ್ನುತ್ತದೆ ಅದು.

ಯಾವುದು ಪಾರಂಪರಿಕ? ನ್ಯಾಷನಲ್ ರಿಜಿಸ್ಟರ್ ಎಂಬ ಪಾರಂಪರಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದ್ದು, ಅಥವಾ ಸೇರಲು ಅರ್ಹವಾದದ್ದು. ಈ 'ಅಥವಾ'ವನ್ನು ಮರೆತು ಎಡವುವವರು ಬಹಳ. "ನಮ್ಮ ಮನೆ ಪಟ್ಟಿಯಲ್ಲಿಲ್ಲ, ಹಾಗಾಗಿ ನಿಯಮ ಅನ್ವಯಿಸುವುದಿಲ್ಲ" ಎಂಬ ಮಾತು ತಪ್ಪು; ಅರ್ಹತೆ ಇದ್ದರೆ ಸಾಕು. ವಯಸ್ಸಿನ ಗೆರೆ ಸಾಮಾನ್ಯವಾಗಿ 50 ವರ್ಷ. ನಮ್ಮಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ 100 ವರ್ಷ ಕೇಳುತ್ತದೆ, ಹಾಗಾಗಿ ನಮಗೆ 50 ಅಂದರೆ ಎಳೆಯದು ಅನ್ನಿಸುತ್ತದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ 1940ರ ಒಂದು ಬಂಗಲೆ ಆ ಕಾಯ್ದೆಯ ಲೆಕ್ಕದಲ್ಲಿ ಇನ್ನೂ ಹಳೆಯದೇ ಅಲ್ಲ. ಅಮೆರಿಕದ ಲೆಕ್ಕದಲ್ಲಾದರೆ 1975ರಲ್ಲಿ ಕಟ್ಟಿದ ಮನೆಯೂ ಈಗ ಗೆರೆ ದಾಟಿದೆ. ಗೆರೆ ದಾಟಿದ್ದೆಲ್ಲ ತಾನಾಗಿ ಅರ್ಹವಾಗುವುದಿಲ್ಲ. ಇತಿಹಾಸದ ಘಟನೆ, ವ್ಯಕ್ತಿ, ವಾಸ್ತುಶೈಲಿ, ಪುರಾತತ್ತ್ವದ ಮಾಹಿತಿ ಈ ನಾಲ್ಕರಲ್ಲಿ ಒಂದಾದರೂ ಮಹತ್ವ ಇರಬೇಕು, ಮೂಲರೂಪ ಸಾಕಷ್ಟು ಉಳಿದಿರಬೇಕು. ಸೇನಾ ವಸತಿಗಳಲ್ಲಿ ಒಂಟಿ ಮನೆಗಿಂತ ಇಡೀ ಬಡಾವಣೆ ಅರ್ಹವಾಗುವುದೇ ಹೆಚ್ಚು. ಮನೆಗಳು, ನಡುವಿನ ಪರೇಡ್ ಮೈದಾನ, ಮರಗಳ ಸಾಲು, ಹಿಂದಿನ ಗ್ಯಾರೇಜುಗಳು, ಎಲ್ಲ ಸೇರಿ ಒಂದು ಘಟಕ.

ಈಗ ಒಂದು ಉದಾಹರಣೆ ಹಿಡಿದು ಸೆಕ್ಷನ್ 106ರ ದಾರಿಯಲ್ಲಿ ನಡೆಯೋಣ. 1932ರಲ್ಲಿ ಕಟ್ಟಿದ ಎರಡಂತಸ್ತಿನ ಇಟ್ಟಿಗೆ ಮನೆ. 24 ಮರದ ಕಿಟಕಿಗಳು, ಮೇಲೆ ಕೆಳಗೆ ಜಾರುವಂಥವು. ಅಷ್ಟನ್ನೂ ಕಿತ್ತು ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಕಿಟಕಿ ಹಾಕಬೇಕು ಅನ್ನುವ ಪ್ರಸ್ತಾಪ ಬಂದಿದೆ ಎಂದಿಟ್ಟುಕೊಳ್ಳಿ. ಮೊದಲ ಹೆಜ್ಜೆ: ಇದು ಪರಿಣಾಮ ಬೀರಬಲ್ಲ ಕೆಲಸವೇ? ಹೌದು. ಹಾಗಾದರೆ ರಾಜ್ಯದ ಸಂರಕ್ಷಣಾಧಿಕಾರಿಗೆ ಬರೆಯಬೇಕು. ಈ ಅಧಿಕಾರಿಯನ್ನು ಆ ವೃತ್ತಿಯವರೆಲ್ಲ 'ಶಿಪೊ' ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮೂಲನಿವಾಸಿ ಬುಡಕಟ್ಟುಗಳಿಗೆ ಆ ನೆಲದೊಂದಿಗೆ ಸಂಬಂಧವಿದ್ದರೆ ಅವರಿಗೂ ಬರೆಯಬೇಕು. ಎರಡನೆಯದು: ಪರಿಣಾಮದ ಪ್ರದೇಶ ಯಾವುದು, ಅದರೊಳಗೆ ಪಾರಂಪರಿಕವಾದದ್ದು ಏನೇನಿದೆ ಎಂದು ಗುರುತಿಸುವುದು. ಇಲ್ಲಿ ಒಂದು ಮನೆಯ ಕಿಟಕಿ ಬದಲಾದರೂ ಇಡೀ ಸಾಲಿನ ನೋಟ ಬದಲಾಗುತ್ತದೆ, ಹಾಗಾಗಿ ಪ್ರದೇಶ ಇಡೀ ಸಾಲು. ಮೂರನೆಯದು: ಪರಿಣಾಮ ಪ್ರತಿಕೂಲವೇ? ಮನೆಯ ಗುಣವನ್ನು ನಿರ್ಧರಿಸುವ ಭಾಗಗಳಲ್ಲಿ ಕಿಟಕಿ ಒಂದು. ಅಷ್ಟನ್ನೂ ಕಿತ್ತರೆ ಪ್ರತಿಕೂಲವೇ. ನಾಲ್ಕನೆಯದು: ಆ ಪ್ರತಿಕೂಲವನ್ನು ತಪ್ಪಿಸುವುದು, ತಗ್ಗಿಸುವುದು ಅಥವಾ ಅದಕ್ಕೆ ಬದಲಿಯಾಗಿ ಏನಾದರೂ ಮಾಡುವುದು, ಅದನ್ನು ಒಪ್ಪಂದದಲ್ಲಿ ಬರೆದು ಸಹಿ ಹಾಕುವುದು.

ಶಿಪೊಗೆ ಉತ್ತರಿಸಲು 30 ದಿನ. ಆದರೆ ಗಡಿಯಾರ ಓಡಲು ಶುರುವಾಗುವುದು ಪೂರ್ಣ ದಾಖಲೆ ಅವರ ಕೈಸೇರಿದ ದಿನದಿಂದ. ತಡವಾಗುವ ಪ್ರಕರಣಗಳಲ್ಲಿ ಹೆಚ್ಚಿನವು ಇಲ್ಲೇ ಸಿಕ್ಕಿಬೀಳುತ್ತವೆ. "ಕಿಟಕಿಗಳು ಹಾಳಾಗಿವೆ, ಬದಲಿಸುತ್ತೇವೆ" ಎಂದು ಒಂದು ಸಾಲು, ದೂರದಿಂದ ತೆಗೆದ ಎರಡು ಫೋಟೊ ಕಳಿಸುತ್ತಾರೆ. ಮಾಹಿತಿ ಸಾಲದು ಎಂದು ವಾಪಸ್ ಬರುತ್ತದೆ. ಅಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ, ದೂಷಣೆ ಕಾಯ್ದೆಯ ಮೇಲೆ ಬೀಳುತ್ತದೆ. ಸರಿಯಾದ ಕಡತದಲ್ಲಿ ನಕ್ಷೆ ಇರಬೇಕು, ಮನೆಯ ನಾಲ್ಕೂ ಮುಖದ ಚಿತ್ರ ಇರಬೇಕು, ಪ್ರತಿ ಕಿಟಕಿಗೆ ನಂಬರ್ ಕೊಟ್ಟು ಅದರ ಸ್ಥಿತಿ ಬರೆದಿರಬೇಕು: ಯಾವುದರ ಕೆಳಪಟ್ಟಿ ಕೊಳೆತಿದೆ, ಯಾವುದರ ಪುಟ್ಟಿ ಉದುರಿದೆ, ಯಾವುದಕ್ಕೆ ಬಣ್ಣ ಮೆತ್ತಿಕೊಂಡು ಜಾರುವುದಿಲ್ಲ. ಹೊಸದಾಗಿ ಹಾಕುವುದರ ಅಡ್ಡಸೀಳು ನಕ್ಷೆ ಹಳೆಯದರ ಪಕ್ಕದಲ್ಲಿ ಇರಬೇಕು. ಹೀಗೆ ಒಂದೊಂದನ್ನೇ ನೋಡುತ್ತ ಹೋದರೆ 24ರಲ್ಲಿ ನಿಜವಾಗಿ ಕೆಟ್ಟಿರುವುದು ಮಳೆಗಾಳಿ ಬಡಿಯುವ ಒಂದು ಮಗ್ಗುಲಿನ ಕೆಲವು ಮಾತ್ರ ಎಂದು ಗೊತ್ತಾಗುವುದು ಸಾಮಾನ್ಯ. ಆಗ ಪ್ರಸ್ತಾಪವೇ ಬದಲಾಗುತ್ತದೆ. ಸಮಾಲೋಚನೆಯಿಂದ ಆಗುವ ದೊಡ್ಡ ಪ್ರಯೋಜನ ಇದು ಎಂದು ನನ್ನ ಅಭಿಪ್ರಾಯ; ಕಡತ ಸಿದ್ಧಮಾಡುವ ನೆಪದಲ್ಲಾದರೂ ಯಾರೋ ಒಬ್ಬರು ಮನೆಯನ್ನು ಕಣ್ಣಿಟ್ಟು ನೋಡುತ್ತಾರೆ.

ಹಾಗಾದರೆ ಪ್ರತಿ ಮನೆಗೆ, ಪ್ರತಿ ರಿಪೇರಿಗೆ 30 ದಿನ ಕಾಯಬೇಕೇ? ಸೇನೆಯ ಕೈಯಲ್ಲಿರುವ ಮನೆಗಳ ಸಂಖ್ಯೆ ನೋಡಿದರೆ ಅದು ನಡೆಯುವ ಮಾತಲ್ಲ. ಇಲ್ಲಿ 'ಪ್ರೋಗ್ರಾಂ ಕಾಮೆಂಟ್' ಎಂಬ ಏರ್ಪಾಡು ಬರುತ್ತದೆ. ಒಂದೇ ಕಾಲದ, ಒಂದೇ ಬಗೆಯ ಸಾವಿರಾರು ಕಟ್ಟಡಗಳಿದ್ದರೆ, ಅಡ್ವೈಸರಿ ಕೌನ್ಸಿಲ್ ಎಲ್ಲಕ್ಕೂ ಸೇರಿಸಿ ಒಂದೇ ಸಲ ಅಭಿಪ್ರಾಯ ಕೊಡಬಹುದು. ಇಲಾಖೆ ಕೇಳಿದ ಮೇಲೆ ಕೌನ್ಸಿಲ್‌ಗೆ 45 ದಿನದ ಗಡುವು. ಆ ಅಭಿಪ್ರಾಯದಲ್ಲಿ ಹೇಳಿದ ಷರತ್ತುಗಳನ್ನು ಪಾಲಿಸಿದರೆ ಮನೆ ಮನೆಗೂ ಬೇರೆ ಬೇರೆ ಸಮಾಲೋಚನೆ ಬೇಕಿಲ್ಲ.

ಇದು ಸೇನಾ ವಸತಿಗೆ ಚೆನ್ನಾಗಿ ಒಗ್ಗುವುದಕ್ಕೆ ಕಾರಣವಿದೆ. ಈ ಮನೆಗಳು ಹುಟ್ಟಿದ್ದೇ ಮಾದರಿ ನಕ್ಷೆಗಳಿಂದ. ಮೊದಲ ಮಹಾಯುದ್ಧ ಮುಗಿದಾಗ ಸೈನಿಕರು ತಾತ್ಕಾಲಿಕ ಮರದ ಶೆಡ್ಡುಗಳಲ್ಲಿದ್ದರು. 1926ರಲ್ಲಿ ಸೇನೆಯ ಹೆಚ್ಚುವರಿ ಭೂಮಿ ಮಾರಿ ಬಂದ ಹಣದಿಂದ ಶಾಶ್ವತ ಮನೆ ಕಟ್ಟಲು ಶಾಸನ ಸಭೆ ಒಪ್ಪಿತು. ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಕ್ವಾರ್ಟರ್‌ಮಾಸ್ಟರ್ ಕೋರ್ ವಿಭಾಗದವರು ಒಂದೊಂದು ದರ್ಜೆಗೂ ಮಾದರಿ ನಕ್ಷೆ ಮಾಡಿದರು, ಹೊರಮೈಯನ್ನು ಮಾತ್ರ ಆಯಾ ಸೀಮೆಗೆ ತಕ್ಕಂತೆ ಬದಲಿಸಿದರು. ಪೂರ್ವದ ನೆಲೆಗಳಲ್ಲಿ ಕೆಂಪು ಇಟ್ಟಿಗೆ, ಬಿಳಿ ಮರದ ಕೆಲಸ, ಸ್ಲೇಟ್ ಚಾವಣಿ. ಟೆಕ್ಸಸ್‌ನಂಥ ನೈಋತ್ಯದ ಸೀಮೆಗಳಲ್ಲಿ ಸ್ಪ್ಯಾನಿಷ್ ಮಾದರಿ: ಗಾರೆ ಬಳಿದ ಗೋಡೆ, ಕಮಾನು, ಕೆಂಪು ಹೆಂಚು. ಸ್ಯಾನ್ ಆಂಟೋನಿಯೊ ಹತ್ತಿರದ ರ‍್ಯಾಂಡಾಲ್ಫ್ ಫೀಲ್ಡ್ ನೋಡಿದರೆ ಅದು ಸೇನಾ ನೆಲೆ ಅನ್ನಿಸುವುದೇ ಇಲ್ಲ.

ಎರಡನೆಯ ಯುದ್ಧದ ಕಾಲದ ತಾತ್ಕಾಲಿಕ ಮರದ ಕಟ್ಟಡಗಳಿಗೆ 1986ರಲ್ಲೇ ದೇಶವ್ಯಾಪಿ ಒಪ್ಪಂದ ಆಯಿತು. ಮಾದರಿಗಳನ್ನು ದಾಖಲಿಸಿ, ಉಳಿದವನ್ನು ಕೆಡವಬಹುದು ಎಂದು. ಆಮೇಲಿನದು ವೆರ್ರಿ ಮತ್ತು ಕೇಪ್‌ಹಾರ್ಟ್ ಮನೆಗಳ ಕಾಲ, 1949ರಿಂದ 1962. ಇವು ಇಬ್ಬರು ಸೆನೆಟರುಗಳ ಹೆಸರು, ಕೆನೆತ್ ವೆರ್ರಿ ಮತ್ತು ಹೋಮರ್ ಕೇಪ್‌ಹಾರ್ಟ್. ಶೀತಲ ಸಮರ ಶುರುವಾಗಿ ಸೇನೆ ದೊಡ್ಡದಾಗಿತ್ತು, ಮದುವೆಯಾದ ಸೈನಿಕರು ಹೆಚ್ಚಿದ್ದರು, ಮನೆ ಇರಲಿಲ್ಲ. 1949ರ ವೆರ್ರಿ ಕಾಯ್ದೆಯಡಿ ಖಾಸಗಿ ಬಿಲ್ಡರ್‌ಗಳು ಸೇನೆಯ ಭೂಮಿಯನ್ನು ಗೇಣಿಗೆ ಪಡೆದು, ಸರ್ಕಾರಿ ವಿಮೆ ಇರುವ ಸಾಲದಿಂದ ಮನೆ ಕಟ್ಟಿ ಸೈನಿಕರಿಗೆ ಬಾಡಿಗೆಗೆ ಕೊಟ್ಟರು. ಮನೆಯೊಂದಕ್ಕೆ ಸಾಲದ ಮೊದಲಿನ ಮಿತಿ ಸರಾಸರಿ 8,100 ಡಾಲರ್. ಅಷ್ಟರಲ್ಲಿ ಬಂದ ಮನೆ ಚಿಕ್ಕದಾಯಿತು, ದೂರುಗಳು ಬಂದವು. 1955ರ ಕೇಪ್‌ಹಾರ್ಟ್ ಕಾಯ್ದೆ ಮಿತಿಯನ್ನು 13,500ಕ್ಕೆ ಏರಿಸಿತು, ಬೇಗನೇ ಅದು 16,500 ಆಯಿತು. ಕಟ್ಟಿದ ಮೇಲೆ ಮನೆ ಸೇನೆಯ ಕೈಗೇ ಬರುತ್ತಿತ್ತು. ಒಂದಂತಸ್ತು, ಬಳಸಿ ಹೋಗುವ ರಸ್ತೆ, ಕಾರು ನಿಲ್ಲಿಸುವ ಮಾಡು: ಆಗಿನ ಅಮೆರಿಕದ ಯಾವ ಉಪನಗರದಲ್ಲೂ ಕಾಣುತ್ತಿದ್ದ ಮನೆಗಳೇ.

ಇವು 50 ವರ್ಷದ ಗೆರೆ ದಾಟುತ್ತಿದ್ದಂತೆ 2002ರಲ್ಲಿ ಭೂಸೇನೆಗೆ, 2004ರಲ್ಲಿ ವಾಯುಸೇನೆ ಮತ್ತು ನೌಕಾಸೇನೆಗೆ ಪ್ರೋಗ್ರಾಂ ಕಾಮೆಂಟ್ ಸಿಕ್ಕಿತು. ದುರಸ್ತಿ, ದೊಡ್ಡ ಮಾರ್ಪಾಡು, ಬಳಸದೆ ಮುಚ್ಚಿಡುವುದು, ಖಾಸಗಿಗೆ ವಹಿಸುವುದು, ಕೆಡವುವುದು ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಬದಲಿಗೆ ಸೇನೆ ಆ ಕಾಲದ ವಸತಿಯ ಇತಿಹಾಸವನ್ನು ವಿಸ್ತರಿಸಿ ಬರೆಸಬೇಕು, ಬಡಾವಣೆಗಳಿಗೆ ವಿನ್ಯಾಸ ಮಾರ್ಗಸೂಚಿ ಮಾಡಬೇಕು, ವಿಶೇಷ ಮಹತ್ವದವನ್ನು ಬೇರೆಯಾಗಿ ಗುರುತಿಸಬೇಕು, ತೆರಿಗೆ ರಿಯಾಯಿತಿ ಸಿಗಬಹುದೆಂದು ಬಿಲ್ಡರ್‌ಗಳಿಗೆ ತಿಳಿಸಬೇಕು. ಇದು ನ್ಯಾಯವಾದ ವಿನಿಮಯ ಎಂದೇ ನನಗನ್ನಿಸುತ್ತದೆ. ಒಂದೇ ಅಚ್ಚಿನ ಸಾವಿರಾರು ಮನೆಗಳಲ್ಲಿ ಒಂದೊಂದಕ್ಕೂ ಪತ್ರವ್ಯವಹಾರ ಮಾಡುವುದಕ್ಕಿಂತ, ಆ ಶ್ರಮವನ್ನು ಅವುಗಳ ಚರಿತ್ರೆ ಬರೆಯುವುದಕ್ಕೆ ತೊಡಗಿಸಿದ್ದು ಒಳ್ಳೆಯದಾಯಿತು.

2020ರಲ್ಲಿ ಬಂದ, 1919ರಿಂದ 1940ರ ಮನೆಗಳ ಪ್ರೋಗ್ರಾಂ ಕಾಮೆಂಟ್ ಬೇರೆ ಜಾತಿಯದು. ಇದರ ಕೆಳಗೆ ಬರುವುದು ಭೂಸೇನೆಯ 3,000ಕ್ಕೂ ಹೆಚ್ಚು ಮನೆಗಳು, ನಾನು ಆಗಲೇ ಹೇಳಿದ ಇಟ್ಟಿಗೆ, ಹೆಂಚು, ಸ್ಲೇಟಿನ ಮನೆಗಳು. ಇಲ್ಲಿ ತಿರುಳು ಇರುವುದು ಸಾಮಗ್ರಿ ಆಯುವ ಕ್ರಮದಲ್ಲಿ. ಮೊದಲು ಇದ್ದದ್ದನ್ನೇ ರಿಪೇರಿ ಮಾಡಬಹುದೇ ನೋಡಿ. ಆಗದಿದ್ದರೆ ಅದೇ ಸಾಮಗ್ರಿಯ ಹೊಸದು, ಮರಕ್ಕೆ ಮರ, ಸ್ಲೇಟಿಗೆ ಸ್ಲೇಟು. ವೆಚ್ಚ, ಆರೋಗ್ಯ, ಲಭ್ಯತೆಯಂಥ ಕಾರಣಕ್ಕೆ ಅದೂ ಆಗದಿದ್ದರೆ, ನೋಟದಲ್ಲಿ ಹಳೆಯದನ್ನು ಹೋಲುವ ಬದಲಿ ಸಾಮಗ್ರಿ. 1963ರಿಂದ 1975ರ ವಿಯೆಟ್ನಾಂ ಕಾಲದ 7,000ಕ್ಕೂ ಹೆಚ್ಚು ಕಟ್ಟಡಗಳಿಗೆ 2023ರಲ್ಲಿ ಇಂಥದೇ ಇನ್ನೊಂದು ಬಂತು.

ಬದಲಿ ಸಾಮಗ್ರಿಗೆ ಬಾಗಿಲು ತೆರೆದದ್ದು ಸರಿಯೇ ಎಂಬ ಚರ್ಚೆ ಸಂರಕ್ಷಣೆಯವರಲ್ಲಿ ಇನ್ನೂ ನಡೆಯುತ್ತಿದೆ. ನನ್ನ ಮಾತು ಇಷ್ಟು: ಕ್ರಮದ ಮೆಟ್ಟಿಲನ್ನು ಒಂದೊಂದಾಗಿ ಇಳಿದರೆ ಅಪಾಯವಿಲ್ಲ. ಮೇಲಿನ ಎರಡು ಮೆಟ್ಟಿಲು ಬಿಟ್ಟು ನೇರ ಕೆಳಗೆ ಹಾರಿದರೆ, ಇಪ್ಪತ್ತು ವರ್ಷದಲ್ಲಿ ಪ್ಲಾಸ್ಟಿಕ್ಕಿನ ಬಡಾವಣೆ ಉಳಿಯುತ್ತದೆ. ಆದ್ದರಿಂದ ಪ್ರತಿ ಆಯ್ಕೆಗೂ ಕಾರಣ ಬರೆದಿಡಿ. "ದುಬಾರಿ" ಎಂಬ ಒಂದು ಪದ ಸಾಲದು. ಎರಡೂ ಸಾಮಗ್ರಿಯ ಬೆಲೆ, ಬಾಳಿಕೆಯ ವರ್ಷ, ನಡುವೆ ಬೇಕಾಗುವ ನಿರ್ವಹಣೆ, ಮೂರನ್ನೂ ಪಕ್ಕಪಕ್ಕ ಇಟ್ಟ ಲೆಕ್ಕ ಬೇಕು.

ಕೈಕೆಲಸದ ವಿಷಯಕ್ಕೆ ಬರೋಣ, ಏಕೆಂದರೆ ನಿಯಮ ಕೊನೆಗೆ ಇಳಿಯುವುದು ಬಡಗಿಯ, ಗಾರೆಯವನ ಕೈಗೆ. ಪಾರಂಪರಿಕ ಕಟ್ಟಡಗಳ ದುರಸ್ತಿಗೆ ಅಮೆರಿಕದ ಆಂತರಿಕ ಇಲಾಖೆ ಹಾಕಿಕೊಟ್ಟ ಹತ್ತು ಸೂತ್ರಗಳಲ್ಲಿ ಆರನೆಯದು ಹೇಳುತ್ತದೆ: ಕೆಟ್ಟ ಭಾಗವನ್ನು ಬದಲಿಸುವ ಮೊದಲು ರಿಪೇರಿ ಮಾಡು, ಬದಲಿಸಲೇಬೇಕಾದರೆ ವಿನ್ಯಾಸ, ಬಣ್ಣ, ಮೇಲ್ಮೈಯ ನಯ-ಒರಟು ಹೊಂದಬೇಕು, ಸಾಧ್ಯವಾದಲ್ಲಿ ಸಾಮಗ್ರಿಯೂ.

ಕಿಟಕಿಯನ್ನೇ ತೆಗೆದುಕೊಳ್ಳಿ. ಆ ಮರ ನಿಧಾನವಾಗಿ ಬೆಳೆದ ಹಳೆಯ ಕಾಡಿನದು, ಒತ್ತಾದ ಉಂಗುರಗಳಿರುವುದು. ಈಗಿನ ತೋಪಿನ ಮರಕ್ಕೆ ಆ ತಾಳಿಕೆ ಇಲ್ಲ. ದಾರಂದದ ಪಕ್ಕದ ಪೊಳ್ಳಿನಲ್ಲಿ ಎರಕದ ಕಬ್ಬಿಣದ ತೂಕಗಳು ತೂಗಿರುತ್ತವೆ, ಹತ್ತಿಯ ಹಗ್ಗ ರಾಟೆಯ ಮೇಲೆ ಹಾದು ಪಡಕನ್ನು, ಅಂದರೆ ಗಾಜು ಕೂರಿಸಿದ ಜಾರುವ ಚೌಕಟ್ಟನ್ನು, ಹಿಡಿದಿರುತ್ತದೆ. ಕಿಟಕಿ ನಿಲ್ಲುತ್ತಿಲ್ಲ, ಧಡ್ ಎಂದು ಬೀಳುತ್ತದೆ ಅಂದರೆ ಹೆಚ್ಚಾಗಿ ಹಗ್ಗ ಹರಿದಿದೆ ಅಷ್ಟೇ. ಜಾರುತ್ತಿಲ್ಲ ಅಂದರೆ ಬಣ್ಣದ ಪದರ ಅಂಟಿಕೊಂಡಿದೆ. ಒಳಗಿನ ತಡೆಪಟ್ಟಿ ಬಿಚ್ಚಿ ಪಡಕು ಹೊರತೆಗೆದು, ಹಗ್ಗ ಬದಲಿಸಿ, ಕೊಳೆತ ಕೆಳಪಟ್ಟಿಯನ್ನು ಗಟ್ಟಿ ಮರ ಸಿಗುವವರೆಗೆ ಕೆತ್ತಿ, ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಬಹುದು. ಕೊಳೆತ ಹೆಚ್ಚಿದ್ದರೆ ಆ ಒಂದು ತುಂಡಿಗೆ ಮಾತ್ರ ಹೊಸ ಮರ ಬೆಸೆಯಬಹುದು. ಅಗಸೆ ಎಣ್ಣೆಯ ಪುಟ್ಟಿ ಹಾಕಿದ ಮೇಲೆ ಅದರ ಮೈ ಬಿಗಿಯಲು ವಾರ ಎರಡು ವಾರ ಬಿಡಬೇಕು. ಬಣ್ಣ ಹೊಡೆಯುವಾಗ ಗಾಜಿನ ಮೇಲೆ ಒಂದೂವರೆ ಮಿಲಿಮೀಟರ್ ಹತ್ತಬೇಕು, ಪುಟ್ಟಿ ಮತ್ತು ಗಾಜಿನ ಸಂದಿಗೆ ನೀರು ಇಳಿಯದಂತೆ ತಡೆಯುವುದು ಆ ಸಣ್ಣ ಅಂಚೇ. ಎರಡು ಕುಟುಂಬಗಳ ನಡುವಿನ ಅವಸರದಲ್ಲಿ ಪುಟ್ಟಿ ಒಣಗುವ ಮೊದಲೇ ಬಣ್ಣ ಬೀಳುತ್ತದೆ, ಎರಡು ಚಳಿಗಾಲದಲ್ಲಿ ಸುಲಿಯುತ್ತದೆ, ಆಮೇಲೆ "ಹಳೆಯ ಕಿಟಕಿ ಬಾಳುವುದಿಲ್ಲ" ಎಂಬ ತೀರ್ಮಾನವಾಗುತ್ತದೆ.

ಚಳಿಯ ದೂರಿಗೆ ಉತ್ತರ ಬೇರೆ ಇದೆ. ಸಂದಿಗಳಿಗೆ ಗಾಳಿ ತಡೆಯುವ ಪಟ್ಟಿ, ಹೊರಗೆ ಅಥವಾ ಒಳಗೆ ಇನ್ನೊಂದು ಗಾಜಿನ ಚೌಕಟ್ಟು, ಅಂದರೆ ಸ್ಟಾರ್ಮ್ ವಿಂಡೋ. ಎರಡನ್ನೂ ಮತ್ತೆ ತೆಗೆಯಬಹುದು, ಹಳೆಯದಕ್ಕೆ ಏಟಾಗುವುದಿಲ್ಲ. ಹೊಸ ಜೋಡಿಗಾಜಿನ ಕಿಟಕಿಯಲ್ಲಿ ಅಂಚಿನ ಬಿಗಿ ಸಡಿಲಾಗಿ ಒಳಗೆ ಮಂಜು ಕಟ್ಟಿದರೆ ರಿಪೇರಿ ಇಲ್ಲ, ಗಾಜಿನ ಘಟಕವನ್ನೇ ಬದಲಿಸಬೇಕು. ಶಾಖ ಸೋರುವುದನ್ನು ತಡೆಯಲು ಮೊದಲು ಅಟ್ಟ ನೋಡಿ. ಅಟ್ಟದ ನೆಲಕ್ಕೆ ಹೊದಿಕೆ ಹಾಸುವುದು ಅಗ್ಗ, ಕಣ್ಣಿಗೆ ಬೀಳುವುದಿಲ್ಲ. ಹಳೆಯ ಗೋಡೆಯ ಪೊಳ್ಳಿಗೆ ಹೊದಿಕೆ ಊದಿ ತುಂಬುವುದರಲ್ಲಿ ಎಚ್ಚರ ಬೇಕು, ತೇವ ಒಳಗೇ ನಿಂತರೆ ಮರ ಕೊಳೆಯುತ್ತದೆ, ಹೊರಗಿನ ಬಣ್ಣ ಬೊಬ್ಬೆ ಏಳುತ್ತದೆ.

ಇಟ್ಟಿಗೆ ಗೋಡೆಯ ಪಾಯಿಂಟಿಂಗ್, ಅಂದರೆ ಇಟ್ಟಿಗೆಗಳ ಸಂದಿಗೆ ಗಾರೆ ತುಂಬುವ ಕೆಲಸ, ಕೂಡ ಹೀಗೇ ಕೆಡುವುದು. ಹಳೆಯ ಗೋಡೆಯ ಗಾರೆಯಲ್ಲಿ ಸುಣ್ಣ ಹೆಚ್ಚು, ಅದು ಇಟ್ಟಿಗೆಗಿಂತ ಮೆದು. ಗೋಡೆ ಹಿಗ್ಗಿ ಕುಗ್ಗುವಾಗ ಪೆಟ್ಟು ತಿನ್ನುವುದು ಗಾರೆ, ತೇವ ಹೊರಹೋಗುವುದೂ ಅದರ ಮೂಲಕವೇ. ಅಲ್ಲಿ ಗಟ್ಟಿ ಸಿಮೆಂಟು ತುಂಬಿದರೆ ತೇವ ಇಟ್ಟಿಗೆಯ ಮೂಲಕ ಹೊರಡುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಹಾರಿಸುತ್ತದೆ. ಗಾರೆ ಮತ್ತೆ ತುಂಬಬಹುದು, ಹೋದ ಇಟ್ಟಿಗೆ ಬರುವುದಿಲ್ಲ. ಮೊದಲು ಹಳೆಯ ಗಾರೆಯ ಮಾದರಿ ಪರೀಕ್ಷಿಸಿ. ಮೆದು ಇಟ್ಟಿಗೆಗೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಸುಣ್ಣ, ಎಂಟು ಒಂಬತ್ತು ಪಾಲು ಮರಳು ಇರುವ ಮಿಶ್ರಣ ಬಳಸುವುದುಂಟು. ಇನ್ನೂ ಹಳೆಯದಕ್ಕೆ ಬರೀ ಸುಣ್ಣ ಮರಳು. ಸಂದಿಯ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಹಳೆಯದನ್ನು ತೆಗೆಯಬೇಕು, 10 ಮಿಲಿಮೀಟರ್ ಸಂದಿಗೆ 20ರಿಂದ 25. ಅದಕ್ಕಿಂತ ತೆಳುವಾಗಿ ಮೇಲೆ ಬಳಿದದ್ದು ನಿಲ್ಲುವುದಿಲ್ಲ. ಗ್ರೈಂಡರ್ ಮೆಷಿನ್ ಹಿಡಿದರೆ ಇಟ್ಟಿಗೆಯ ಅಂಚು ಹೋಗುತ್ತದೆ, ವಿಶೇಷವಾಗಿ ನೆಟ್ಟನೆಯ ಸಂದಿಗಳಲ್ಲಿ. ತುಂಬುವಾಗ 6 ಮಿಲಿಮೀಟರ್ ದಪ್ಪದ ಪದರಗಳಲ್ಲಿ ಒತ್ತಬೇಕು, ಆಮೇಲೆ ಕೆಲವು ದಿನ ತೇವ ಕಾಯಬೇಕು. ಮರಳಿನ ಬಣ್ಣ ಹೊಂದದಿದ್ದರೆ ಇಡೀ ಗೋಡೆ ತೇಪೆ ಹಾಕಿದಂತೆ ಕಾಣುತ್ತದೆ. ಗೋಡೆ ತೊಳೆಯಲು ಮರಳು ಹಾರಿಸುವುದಂತೂ ಕೂಡದು, ಇಟ್ಟಿಗೆಯ ಸುಟ್ಟ ಹೊರಮೈ ಒಮ್ಮೆ ಹೋದರೆ ಹೋದಂತೆಯೇ.

ಚಾವಣಿಯ ಬಗ್ಗೆ ಒಂದೇ ಮಾತು. ಸ್ಲೇಟು, ಹೆಂಚು ಸೋರುತ್ತಿದೆ ಎಂದಾಗ ಕೆಟ್ಟಿರುವುದು ಹೆಚ್ಚಾಗಿ ಸ್ಲೇಟಲ್ಲ. ಮೊಳೆ, ಕೆಳಗಿನ ಹಾಸು ಅಥವಾ ಚಾವಣಿಯ ಎರಡು ಇಳಿಜಾರು ಕೂಡುವ ಕಣಿವೆಯ ತಗಡು. ತೆಗೆದ ಹೆಂಚನ್ನು ಎಣಿಸಿ ಜೋಡಿಸಿಟ್ಟು, ಹಾಸು ಬದಲಿಸಿ, ಮತ್ತೆ ಅದನ್ನೇ ಹೊದಿಸಬಹುದು. ಬದಲಿ ಬೇಕಾದಷ್ಟನ್ನು ಮನೆಯ ಹಿಂಬದಿಗೆ ಹಾಕಿ, ಹಿಂಬದಿಯ ಹಳೆಯದನ್ನು ಮುಂದಕ್ಕೆ ತನ್ನಿ.

ಈಗ ಸೀಸದ ಬಣ್ಣ. ಇದರಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅಂದರೆ ನಾವು ಮಾತಾಡುತ್ತಿರುವ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಅದು ಇರಬಹುದು. ಸೇನಾ ವಸತಿಗಳಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕ ಪ್ರಕರಣಗಳನ್ನು ರಾಯಿಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ಬಯಲಿಗೆ ತಂದಿತು. ಆಗ ಕೆಲವೆಡೆ "ಪಾರಂಪರಿಕ ಮನೆ, ಹಾಗಾಗಿ ಮುಟ್ಟುವಂತಿಲ್ಲ" ಎಂಬ ಮಾತು ಕೇಳಿಬಂದಿತ್ತು. ಸಂರಕ್ಷಣಾ ನಿಯಮದಲ್ಲಿ ಅಂಥ ಒಂದು ಸಾಲೂ ಇಲ್ಲ. ಮಗುವಿನ ಆರೋಗ್ಯಕ್ಕೂ ಕಿಟಕಿಗೂ ನಡುವೆ ಆರಿಸಿ ಎಂದು ಯಾರೂ ಕೇಳಿಲ್ಲ.

ಸೀಸದ ಪುಡಿ ಹುಟ್ಟುವುದು ಮುಖ್ಯವಾಗಿ ಉಜ್ಜುವ ಜಾಗಗಳಲ್ಲಿ: ಕಿಟಕಿ ಜಾರುವ ಹಾದಿ, ಬಾಗಿಲ ಅಂಚು, ಮೆಟ್ಟಿಲು. ಇಲ್ಲಿ ಬಣ್ಣವನ್ನು ಪೂರ್ತಿ ತೆಗೆಯಬೇಕು. ಪಡಕುಗಳನ್ನು ಬಿಚ್ಚಿ ಹೊರಗಿನ ಕಾರ್ಖಾನೆಗೆ ಕಳಿಸಿ ಬಣ್ಣ ತೆಗೆಸಿ ತರುವುದು ಒಳ್ಳೆಯದು, ಮನೆಯೊಳಗೆ ಪುಡಿ ಏಳುವುದಿಲ್ಲ. ಉಜ್ಜಾಟವಿಲ್ಲದ, ಗಟ್ಟಿಯಾಗಿ ಕೂತ ಬಣ್ಣದ ಮೇಲೆ ಹೊಸ ಪದರ ಹೊಡೆದು ಕಣ್ಣಿಡಬಹುದು. ಪರಿಸರ ಇಲಾಖೆಯ ನಿಯಮ 2010ರಿಂದ ಜಾರಿಯಲ್ಲಿದೆ: ತರಬೇತಿ ಪಡೆದ, ಪ್ರಮಾಣಪತ್ರವಿರುವವರೇ ಈ ಕೆಲಸ ಮಾಡಬೇಕು. ಒಳಗೆ ಕೋಣೆಯೊಂದರಲ್ಲಿ 6 ಚದರ ಅಡಿ, ಹೊರಗೆ 20 ಚದರ ಅಡಿ ಮೀರದ ಸಣ್ಣ ದುರಸ್ತಿಗೆ ವಿನಾಯಿತಿ ಇದೆ, ಆದರೆ ಕಿಟಕಿ ಬದಲಿಸುವುದು ಎಷ್ಟೇ ಚಿಕ್ಕದಾದರೂ ಆ ವಿನಾಯಿತಿಗೆ ಸೇರುವುದಿಲ್ಲ. ಒಳಗೆ ಕೆಲಸದ ಸುತ್ತ 6 ಅಡಿ, ಹೊರಗೆ 10 ಅಡಿ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಬೆಂಕಿಯ ಜ್ವಾಲೆಯಿಂದ ಬಣ್ಣ ಸುಡುವಂತಿಲ್ಲ, ಸೂಕ್ಷ್ಮ ಧೂಳು ಹಿಡಿಯುವ ಹೆಪಾ ಫಿಲ್ಟರ್ ಇಲ್ಲದ ಮೆಷಿನ್ನಿನಿಂದ ಉಜ್ಜುವಂತಿಲ್ಲ. ಗಮನಿಸಿ, ಕಿಟಕಿಯನ್ನು ಇಡಿಯಾಗಿ ಕಿತ್ತು ಎಸೆಯುವುದೇ ಸುರಕ್ಷಿತ ಎಂದು ಹಲವರು ತಿಳಿದಿದ್ದಾರೆ. ಎಚ್ಚರವಿಲ್ಲದೆ ದಾರಂದ ಸಮೇತ ಒಡೆದು ತೆಗೆದರೆ ದಶಕಗಳಿಂದ ಕೂತ ಪುಡಿ ಮನೆಯಿಡೀ ಹರಡುತ್ತದೆ.

ಖಾಸಗೀಕರಣದ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. 1996ರ ರಕ್ಷಣಾ ಶಾಸನದ ನಂತರ ಸೇನೆ ತನ್ನ ಕುಟುಂಬ ವಸತಿಯಲ್ಲಿ ಬಹುಪಾಲನ್ನು ಖಾಸಗಿ ಕಂಪನಿಗಳಿಗೆ ವಹಿಸಿತು. ಭೂಮಿ ಸಾಮಾನ್ಯವಾಗಿ 50 ವರ್ಷದ ಗೇಣಿ, ಮನೆಗಳು ಕಂಪನಿಯ ಕೈಗೆ. ಸರ್ಕಾರದ ಒಡೆತನ ತಪ್ಪಿದರೆ ಸೆಕ್ಷನ್ 106 ಕೂಡ ತಪ್ಪಿಹೋಗಬಾರದಲ್ಲ? ಅದಕ್ಕಾಗಿ ನಿಯಮದಲ್ಲೇ ಒಂದು ಕೊಂಡಿ ಇದೆ: ಕಾನೂನಿನಡಿ ಜಾರಿಮಾಡಬಲ್ಲ ಷರತ್ತುಗಳಿಲ್ಲದೆ ಪಾರಂಪರಿಕ ಆಸ್ತಿಯನ್ನು ಗೇಣಿಗೆ ಕೊಡುವುದು, ಮಾರುವುದು, ವರ್ಗಾಯಿಸುವುದು ಅದರಷ್ಟಕ್ಕೇ ಪ್ರತಿಕೂಲ ಪರಿಣಾಮ. ಹಾಗಾಗಿ ವರ್ಗಾಯಿಸುವ ಮೊದಲೇ ಸೇನೆ, ಶಿಪೊ, ಕಂಪನಿ ಕೂತು 'ಪ್ರೋಗ್ರಾಮ್ಯಾಟಿಕ್ ಅಗ್ರಿಮೆಂಟ್' ಮಾಡಿಕೊಳ್ಳುತ್ತವೆ. ಇದರ ಹೊಟ್ಟೆಯಲ್ಲಿ ಎರಡು ಪಟ್ಟಿ ಇರುತ್ತವೆ. ಕೇಳದೆ ಮಾಡಬಹುದಾದ ಕೆಲಸಗಳದ್ದು ಒಂದು: ಒಳಗಿನ ಅದೇ ಬಣ್ಣ, ನಲ್ಲಿ, ಈಗಾಗಲೇ ಮಾರ್ಪಟ್ಟ ಅಡುಗೆಮನೆ. ಕೇಳಿಯೇ ಮಾಡಬೇಕಾದದ್ದು ಇನ್ನೊಂದು: ಹೊರಗಿನ ಕಿಟಕಿ, ಬಾಗಿಲು, ವರಾಂಡ, ಚಾವಣಿ, ಎದುರಿಗೆ ಕಾಣುವ ಏಸಿ ಯಂತ್ರ.

ಒಪ್ಪಂದ ಚೆನ್ನಾಗಿ ಬರೆದಿದ್ದರೂ ನೆಲದ ಮೇಲೆ ಮುರಿಯುವ ಜಾಗ ಒಂದಿದೆ. ರಿಪೇರಿ ದೂರು ಬಂದಾಗ ಕಂಪ್ಯೂಟರ್ ವರ್ಕ್ ಆರ್ಡರ್ ಹುಟ್ಟಿಸುತ್ತದೆ, ಅದು ನೇರ ಕೆಲಸಗಾರನಿಗೆ ಹೋಗುತ್ತದೆ, ಅವನು ಗೋದಾಮಿನಲ್ಲಿರುವ ಬಾಗಿಲು ತಂದು ಹಾಕುತ್ತಾನೆ. ನಡುವೆ ಸಂರಕ್ಷಣೆಯವರು ನೋಡುವ ಹಂತವೇ ಇಲ್ಲ. ಪರಿಹಾರ ಸರಳ: ಪಾರಂಪರಿಕ ಮನೆಗಳ ನಂಬರಿಗೆ ಆ ವ್ಯವಸ್ಥೆಯಲ್ಲಿ ಗುರುತು ಹಾಕಿ, ಎರಡನೆಯ ಪಟ್ಟಿಯ ಕೆಲಸ ಬಂದರೆ ಆರ್ಡರ್ ತಾನಾಗಿ ತಡೆದು ನಿಲ್ಲುವಂತೆ ಮಾಡುವುದು. ಪ್ರತಿ ಮನೆಯಲ್ಲೂ ಯಾವ ಭಾಗ ಮೂಲದ್ದು, ಯಾವುದು ಆಮೇಲಿನದು ಎಂದು ಒಂದು ಹಾಳೆಯಲ್ಲಿ ಚಿತ್ರಸಮೇತ ಬರೆದು ಕೆಲಸಗಾರನ ಕೈಗೇ ಕೊಡುವುದು. ತೆಗೆದ ಮೂಲ ಬಾಗಿಲು, ಹಿಡಿಕೆ, ಹೆಂಚನ್ನು ಎಸೆಯದೆ ನೆಲೆಯಲ್ಲೇ ಒಂದು ಕೋಣೆಯಲ್ಲಿ ನಂಬರ್ ಹಾಕಿ ಇಡುವುದು. ಮಾದರಿ ನಕ್ಷೆಯ ಮನೆಗಳಾದ್ದರಿಂದ ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆ.

ತುರ್ತು ಕೆಲಸಕ್ಕೆ ಏನು ಎಂದು ಕೇಳಬಹುದು. ಜೀವ ಉಳಿಸುವ, ಆಸ್ತಿ ಕಾಪಾಡುವ ತಕ್ಷಣದ ಕೆಲಸಕ್ಕೆ ಸೆಕ್ಷನ್ 106 ಅಡ್ಡ ಬರುವುದಿಲ್ಲ. ಘೋಷಿತ ವಿಪತ್ತಿನ ತುರ್ತು ಕೆಲಸಗಳಿಗೆ 30 ದಿನದ ಬದಲು 7 ದಿನದಲ್ಲಿ ಅಭಿಪ್ರಾಯ ಪಡೆಯುವ ದಾರಿ ಇದೆ. ಒಡೆದ ಪೈಪನ್ನು ಇವತ್ತೇ ನಿಲ್ಲಿಸಿ. ಆದರೆ ಪೈಪ್ ಒಡೆದ ನೆಪದಲ್ಲಿ ಇಡೀ ಮಹಡಿಯ ಗಾರೆ ಕಿತ್ತು ಜಿಪ್ಸಂ ಹಲಗೆ ಹೊಡೆದರೆ ಅದು ತುರ್ತಲ್ಲ.

ಪೈಪಿನ ಮಾತು ಬಂದದ್ದರಿಂದ, ಮನೆಯ ಹೊರಗಿನ ನೆಲದ ವಿಷಯ ಹೇಳಿಬಿಡುತ್ತೇನೆ. ಹಳೆಯ ನೆಲೆಗಳ ಹಿತ್ತಲಲ್ಲಿ ಒಳಚರಂಡಿ ಅಗೆಯುವಾಗ ಹಿಂದಿನ ಕಟ್ಟಡದ ಪಾಯ, ಕಸದ ಗುಂಡಿ, ಕೆಲವೆಡೆ ಮೂಲನಿವಾಸಿಗಳ ನೆಲೆಯ ಕುರುಹು ಸಿಗುತ್ತದೆ. ಕಟ್ಟಡಕ್ಕೆ ಪ್ರೋಗ್ರಾಂ ಕಾಮೆಂಟ್ ಇದೆ ಎಂದ ಮಾತ್ರಕ್ಕೆ ನೆಲದಡಿಯದಕ್ಕೂ ಇದೆ ಎಂದು ತಿಳಿಯಬೇಡಿ. ಮುಂಚೆ ತೋಡಿ ತುಂಬಿದ ಕಾಲುವೆಯಲ್ಲೇ ಹೊಸ ಪೈಪು ಹಾಕುವುದು ಎಲ್ಲಕ್ಕಿಂತ ಕ್ಷೇಮ. ಹೊಸ ಜಾಗ ಅಗೆಯಬೇಕಾದರೆ ಪುರಾತತ್ತ್ವದವರು ಮೊದಲು ನೋಡಬೇಕು. ಇದ್ದಕ್ಕಿದ್ದಂತೆ ಏನಾದರೂ ಸಿಕ್ಕರೆ ಆ ಜಾಗದಲ್ಲಿ ಕೆಲಸ ನಿಲ್ಲಿಸಿ, 48 ಗಂಟೆಯೊಳಗೆ ಶಿಪೊಗೆ, ಸಂಬಂಧಪಟ್ಟ ಬುಡಕಟ್ಟಿಗೆ, ಕೌನ್ಸಿಲ್‌ಗೆ ತಿಳಿಸಬೇಕು. ಉತ್ತರ ಕೊಡಲು ಅವರಿಗೂ 48 ಗಂಟೆ. ಮನುಷ್ಯರ ಅಸ್ಥಿ ಸಿಕ್ಕರೆ ಬೇರೆಯೇ ಕಾಯ್ದೆ ಜಾರಿಗೆ ಬರುತ್ತದೆ. ಆಗ ಏನನ್ನೂ ಕದಲಿಸದೆ, ಜಾಗವನ್ನು ಮುಚ್ಚಿ ಕಾವಲು ಹಾಕಿ, ನೆಲೆಯ ಕಮಾಂಡರಿಗೆ ಮೊದಲು ಹೇಳಿ.